ಬಿಸಿಲು ಬೀಳದ ಅಂಗಳ

ಇಪ್ಪತ್ತಾರು ವರ್ಷ ಬಿಸಿಲಿನಲ್ಲೇ ನಿಂತು ನೆಲ ಅಳೆದ ಹೆಂಗಸಿಗೆ ಒಂದು ಸೋಮವಾರ ಬೆಳಿಗ್ಗೆ ಚರ್ಮದ ಡಾಕ್ಟರು, "ಇನ್ನು ಮೇಲೆ ಬಿಸಿಲು ಅಂದ್ರೆ ನಿಮಗೆ ವಿಷ" ಎಂದುಬಿಟ್ಟರು. ಮೂಗಿನ ಆಚೀಚೆ ಕೆನ್ನೆಗಳ ಮೇಲೆ ಹರಡಿದ್ದ ಕೆಂಪು ಕಲೆ, ಬೆಳಗಾದರೆ ಬಿಗಿದುಕೊಳ್ಳುವ ಬೆರಳ ಗೆಣ್ಣು, ಸಂಜೆಯಾದರೆ ಏರುವ ಜ್ವರ, ಎಲ್ಲಕ್ಕೂ ಒಂದೇ ಕಾಯಿಲೆಯ ಹೆಸರಿತ್ತು. ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅವಳು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ, ಪರ್ಸಿನೊಳಗೆ ತುರುಕಿದಳು.

"ಮೋಡ ಇದ್ರೆ?" ಎಂದು ಕೇಳಿದಳು.

"ಮೋಡ ಇದ್ರೂ ಅಷ್ಟೇ."

"ಛತ್ರಿ ಹಿಡ್ಕೊಂಡ್ರೆ?"

"ಮೇಡಂ, ನಾನು ನಿಮ್ಮ ಹತ್ರ ಚೌಕಾಸಿ ಮಾಡ್ತಾ ಇಲ್ಲ," ಎಂದರು ಡಾಕ್ಟರು.

ಕಚೇರಿಯಲ್ಲಿ ಅವಳಿಗೆ ಸರಪಳಿ ಮೇಡಂ ಎಂದು ಹೆಸರು. ಸರ್ವೆಯರ್ ಆಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಉಳಿದವರೆಲ್ಲ ಬಟ್ಟೆಯ ಟೇಪು ಹಿಡಿದು ಹೊರಟರೆ ಇವಳು ಮಾತ್ರ ಉಗ್ರಾಣದ ಮೂಲೆಯಲ್ಲಿ ಬಿದ್ದಿದ್ದ ಕಬ್ಬಿಣದ ಅಳತೆ ಸರಪಳಿಯನ್ನು ಹೆಗಲಿಗೇರಿಸಿಕೊಂಡು ಹೋಗುತ್ತಿದ್ದಳು. ಎಳೆದರೆ ಹಿಗ್ಗುವ ವಸ್ತುವನ್ನು ನಂಬಿ ಇಬ್ಬರ ನಡುವೆ ಗಡಿ ಹಾಕುವುದಿಲ್ಲ ಎಂಬುದು ಅವಳ ವಾದ. ಸರಪಳಿ ಹೋಯಿತು, ಯಂತ್ರಗಳು ಬಂದವು, ಹೆಸರು ಮಾತ್ರ ಅಂಟಿಕೊಂಡಿತು. ಹೆಸರಿಗೆ ತಕ್ಕಂತೆ ಅವಳನ್ನು ಬಗ್ಗಿಸುವುದೂ ಸುಲಭವಿರಲಿಲ್ಲ.

ಅವಳ ಅಕ್ಕ ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಕೆಳಗಿನ ಮನೆಯಲ್ಲಿ ಅಕ್ಕ, ಮಹಡಿಯ ಎರಡು ಕೋಣೆಗಳಲ್ಲಿ ತಂಗಿ. ಇಬ್ಬರಿಗೂ ಒಬ್ಬರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಡಾಕ್ಟರ ಚೀಟಿ ಓದಿದ ಅಕ್ಕ ಎದ್ದು ಮನೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದಳು.

"ನಾಳೇನೇ ರಾಜೀನಾಮೆ ಬರ್ದು ಕೊಡು. ಕೆಳಗಡೆ ಹಿಂದಿನ ಕೋಣೆ ಖಾಲಿ ಮಾಡಿಸ್ತೀನಿ. ತಂಪಾಗಿರುತ್ತೆ. ಅಲ್ಲೇ ಮಲ್ಕೊಂಡಿರು."

"ನಾನು ಒಂದ್ಸಲ ಮಲಗಿದ್ರೆ ಆಮೇಲೆ ಏಳಲ್ಲ ಅಕ್ಕಾ."

"ಅದಕ್ಕೇ ಹೇಳ್ತಿರೋದು, ಈಗ್ಲೇ ಮಲ್ಕೋ ಅಂತ. ಬಿದ್ದ ಮೇಲೆ ಮಲಗೋದಕ್ಕಿಂತ ಅದೇ ವಾಸಿ."

ತಂಗಿ ರಾಜೀನಾಮೆ ಬರೆಯಲಿಲ್ಲ. ಮರುದಿನ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕೈಗವಸು ಎಲ್ಲ ತೊಟ್ಟು, ಕನ್ನಡಿಯಲ್ಲಿ ನೋಡಿಕೊಂಡು, ಜೇನು ಕೀಳುವವಳ ಹಾಗೆ ಕಾಣುತ್ತಿದ್ದೇನೆ ಎಂದು ತನಗೆ ತಾನೇ ನಕ್ಕು ಕಚೇರಿಗೆ ಹೋದಳು.

ಕಚೇರಿಯ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎಂದೇ ಕರೆಯುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ, ಆದರೆ ಕಷ್ಟದಲ್ಲಿರುವವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವುದು ಅವರಿಗೆ ಆಗದು. ಅವಳ ಮುಖದ ಕಲೆಯನ್ನು ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತಲೇ ಹೇಳಿದರು. "ನೆರಳಲ್ಲಿ ಕೂತು ಮಾಡೋ ಕೆಲಸ ಅಂದ್ರೆ ನಕ್ಷೆಗಳ ರೆಕಾರ್ಡ್ ರೂಮೊಂದೇ. ಅಲ್ಲಿ ನಿಮಗೆ ಬೇಜಾರಾಗುತ್ತೆ. ಅದಕ್ಕಿಂತ ವೈದ್ಯಕೀಯ ಕಾರಣಕ್ಕೆ ನಿವೃತ್ತಿ ತಗೊಂಡು ಮನೇಲಿ ಆರಾಮಾಗಿ ಇದ್ದುಬಿಡಿ."

"ಬೇಜಾರಾದ್ರೆ ನಾನೇ ಬಂದು ಹೇಳ್ತೀನಿ ಸಾರ್. ಬೀಗದ ಕೈ ಕೊಡಿ."

ರೆಕಾರ್ಡ್ ರೂಮು ನೆಲಮಹಡಿಯ ಹಿಂಬದಿಯಲ್ಲಿತ್ತು. ಎದೆಮಟ್ಟದ ಮರದ ಕಪಾಟುಗಳು, ಬಟ್ಟೆ ಅಂಟಿಸಿದ ಹಳೆಯ ನಕ್ಷೆಗಳ ಸುರುಳಿಗಳು, ಒದ್ದೆ ಗೋಣಿಯ ವಾಸನೆ. ಹಿಂದಿನ ಗೋಡೆಯಿಂದ ನೀರು ಒಸರಿ ಕೆಳಗಿನ ಸಾಲಿನ ನಕ್ಷೆಗಳ ಅಂಚು ಕಪ್ಪಾಗಿತ್ತು. ಅಲ್ಲಲ್ಲಿ ಬಕೆಟ್ ಇಟ್ಟಿದ್ದರು. ಅಲ್ಲಿ ಒಬ್ಬ ಅಟೆಂಡರ್ ಇದ್ದ. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಅವನು ಹೊತ್ತೆಷ್ಟು ಎಂದು ಕೇಳಿದರೂ ಗುಟ್ಟು ಹೇಳುವವನ ಹಾಗೆ ಕಿವಿಯ ಹತ್ತಿರ ಬಾಯಿ ತಂದು ಹೇಳುತ್ತಿದ್ದುದರಿಂದ ಅವನಿಗೆ ಪಿಸುಮಾತು ಎಂದೇ ಅಡ್ಡಹೆಸರು.

ಕೋಣೆಯ ಹಿಂಬಾಗಿಲು ಒಂದು ಒಳ ಅಂಗಳಕ್ಕೆ ತೆರೆಯುತ್ತಿತ್ತು. ನಾಲ್ಕೂ ಕಡೆ ನಾಲ್ಕು ಮಹಡಿಯ ಗೋಡೆ. ಮೇಲೆ ಕರವಸ್ತ್ರದಷ್ಟು ಆಕಾಶ. ಕೆಳಗೆ ಕಾಲು ಮುರಿದ ಕುರ್ಚಿಗಳು, ಬಾಗಿಲಿಲ್ಲದ ಬೀರು, ಒಣಗಿದ ಬಣ್ಣದ ಡಬ್ಬಗಳು, ಪಾಚಿ.

"ಇಲ್ಲಿ ಹುಲ್ಲೂ ಬೆಳೆಯಲ್ಲ ಮೇಡಂ," ಎಂದು ಪಿಸುಗುಟ್ಟಿದ ಅಟೆಂಡರ್. "ವರ್ಷವಿಡೀ ಬಿಸಿಲು ಬೀಳಲ್ಲ."

"ಬೀಳಲ್ಲ ಅಂತ ಯಾರು ಅಳೆದಿದ್ದಾರೆ?"

ಅಳೆದವರು ಯಾರೂ ಇರಲಿಲ್ಲ. ಹಾಗಾಗಿ ಅವಳೇ ಅಳೆದಳು. ನಾಲ್ಕು ದಿನ ಗಂಟೆಗೊಮ್ಮೆ ಬಾಗಿಲಲ್ಲಿ ನಿಂತು ಬಿಸಿಲು ಎಲ್ಲಿಯವರೆಗೆ ಇಳಿಯಿತು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು. ನಡುಹಗಲಿನಲ್ಲೂ ಅದು ಮೂರನೇ ಮಹಡಿಯ ಕಿಟಕಿಯಿಂದ ಕೆಳಗೆ ಬರಲಿಲ್ಲ. ಐದನೇ ದಿನ ಅವಳು ಟೋಪಿ, ಕೈಗವಸು ಕಳಚಿ ಅಂಗಳದ ನಟ್ಟನಡುವೆ ಹೋಗಿ ನಿಂತಳು. ಐದು ವಾರವಾಗಿತ್ತು, ಹಗಲು ಹೊತ್ತಿನಲ್ಲಿ ಬರಿತಲೆಯಲ್ಲಿ ಆಕಾಶದ ಕೆಳಗೆ ನಿಂತು.

"ಇದು ನಂದು," ಎಂದಳು. ಅಟೆಂಡರಿಗೆ ಅರ್ಥವಾಗಲಿಲ್ಲ.

ಮುರುಕು ಸಾಮಾನು ಸಾಗಿಸುವುದಕ್ಕೆ ಮೂರು ವಾರ ಹಿಡಿಯಿತು. ಒಂದು ಕುರ್ಚಿ ಎತ್ತಿದರೆ ಅರ್ಧ ಗಂಟೆ ಕೈಕಾಲು ಚಾಚಿ ಕೂರಬೇಕಾಗುತ್ತಿತ್ತು. ಅಂಗಳ ಖಾಲಿಯಾದಾಗ ಕೊಳವೆ ಸೋರುವ ಕಡೆ ಗೋಡೆಯ ಬಿರುಕಿನಲ್ಲಿ ಒಂದು ಗಿಡ ಕಂಡಿತು. ಹಕ್ಕಿಯ ಗರಿಯಂಥ ಎಲೆ, ಕಡು ಹಸಿರು, ಯಾರ ಹಂಗೂ ಇಲ್ಲದ ಹಾಗೆ ಎರಡೂ ಕಡೆಗೆ ತೋಳು ಚಾಚಿ ನಿಂತಿತ್ತು. ಅವಳು ಒಂದು ಗರಿ ಕಿತ್ತು ಸಂಜೆ ನರ್ಸರಿಗೆ ಹೋದಳು.

ನರ್ಸರಿಯ ಯಜಮಾನಿಗೆ ಎಪ್ಪತ್ತು ದಾಟಿತ್ತು, ಒಂದು ಕಿವಿ ಕೇಳದು. ಹಸಿರು ಬಲೆಯ ಚಪ್ಪರದಡಿ ಕುಕ್ಕರಗಾಲಿನಲ್ಲಿ ಕೂತು ಕುಂಡ ತುಂಬುತ್ತಿದ್ದವಳು ಗರಿಯನ್ನು ಮಗುಚಿ ನೋಡಿ, "ಜರಿಗಿಡ. ನಿತ್ಯಹಸಿರಿನ ಜಾತಿ. ಚಳಿಗಾಲದಲ್ಲೂ ಎಲೆ ಉದುರಿಸಲ್ಲ ಇದು. ಎಲ್ಲಿಗೆ ಬೇಕು?" ಎಂದಳು.

"ಬಿಸಿಲೇ ಇಲ್ಲದ ಜಾಗಕ್ಕೆ."

"ನೆಲ ಹೇಗಿದೆ? ನೀರು ನಿಲ್ಲುತ್ತಾ?"

"ನೆಲದ ವಿಷಯ ನನಗೆ ಹೇಳಿಕೊಡ್ಬೇಡಿ ಅಮ್ಮಾ. ಇಪ್ಪತ್ತಾರು ವರ್ಷದಿಂದ ಅದನ್ನೇ ನೋಡ್ತಿದ್ದೀನಿ. ಹನ್ನೆರಡು ಕೊಡಿ."

ಯಜಮಾನಿ ಹನ್ನೆರಡು ಕೊಟ್ಟಳು. ಆರು ವಾರದೊಳಗೆ ಹತ್ತು ಸತ್ತವು.

ಸತ್ತ ಗಿಡವೊಂದನ್ನು ಪೇಪರಿನಲ್ಲಿ ಸುತ್ತಿಕೊಂಡು ಜಗಳಕ್ಕೆಂದೇ ಅವಳು ವಾಪಸು ಹೋದಳು. ಯಜಮಾನಿ ಪೇಪರ್ ಬಿಚ್ಚಿ, ಬುಡ ಹಿಸುಕಿ, ಕಪ್ಪು ರಸವನ್ನು ಅವಳ ಮೂಗಿನ ಹತ್ತಿರ ಹಿಡಿದಳು.

"ನೆಲದ ವಿಷಯ ಗೊತ್ತು ಅಂದ್ಯಲ್ಲ. ನೋಡು, ನೆತ್ತಿ ಹೂತಿದ್ದೀಯ. ಈ ಗಿಡಕ್ಕೆ ಹೊಸ ಗರಿ ಹುಟ್ಟೋದು ಈ ನೆತ್ತಿಯಿಂದ. ಅದು ಮಣ್ಣಿನ ಮಟ್ಟಕ್ಕಿಂತ ಒಂದು ಕೂದಲೆಳೆ ಮೇಲೇ ಇರ್ಬೇಕು. ಅದರ ಮೇಲೆ ಮಣ್ಣು ಬಿತ್ತೋ, ನೀರು ನಿಂತಿತೋ, ಕೊಳೆತುಹೋಯ್ತು. ನೆರಳು ಕೇಳುತ್ತೆ ನಿಜ, ತೇವ ಕೇಳುತ್ತೆ ನಿಜ. ಹಾಗಂತ ಕೆಸರಲ್ಲಿ ಮುಳುಗಿಸಿಡು ಅಂತ ಕೇಳಿಲ್ಲ."

ಸರಪಳಿ ಮೇಡಂ ಬಾಯಿ ಮುಚ್ಚಿಕೊಂಡು ನಿಂತಳು. ಹಾಗೆ ನಿಂತದ್ದು ಅವಳ ಜೀವಮಾನದಲ್ಲಿ ಎರಡು ಮೂರು ಸಲ ಇದ್ದೀತು. ಆಮೇಲೆ ಒಂದು ಕುಂಡವನ್ನು ಮಗುಚಿ ಅದರ ಮೇಲೆ ಕೂತು, "ಮೊದಲಿಂದ ಹೇಳಿ," ಎಂದಳು. ಯಜಮಾನಿ ಕತ್ತಲಾಗುವ ತನಕ ಹೇಳಿದಳು. ಇವಳು ಬರೆದುಕೊಂಡಳು.

ಮರುದಿನ ಬೆಳಿಗ್ಗೆ ಅವಳು ಉಗ್ರಾಣದಿಂದ ಮಟ್ಟ ನೋಡುವ ಯಂತ್ರ ತರಿಸಿ ಅಂಗಳದಲ್ಲಿ ನಿಲ್ಲಿಸಿದಳು. ಅದಕ್ಕೆ ಕಣ್ಣು ಕೊಟ್ಟಳು. ಯಂತ್ರ ಮುಟ್ಟಿ ನಾಲ್ಕು ತಿಂಗಳಾಗುತ್ತಾ ಬಂದಿತ್ತು. ಅಟೆಂಡರ್ ಅಳತೆಗೋಲು ಹಿಡಿದು ಮೂಲೆಯಿಂದ ಮೂಲೆಗೆ ನಡೆದ. ಲೆಕ್ಕ ನೋಡಿದರೆ ಅಂಗಳವಿಡೀ ರೆಕಾರ್ಡ್ ರೂಮಿನ ಗೋಡೆಯ ಕಡೆಗೇ ನಾಲ್ಕು ಬೆರಳಷ್ಟು ವಾಲಿತ್ತು. ನೀರು ಹೋಗುವ ತೂಬು ಎದುರು ಮೂಲೆಯಲ್ಲಿ, ಎತ್ತರದಲ್ಲಿ, ಬಾಯಿ ಒಣಗಿಸಿಕೊಂಡು ಕೂತಿತ್ತು. ಕಟ್ಟಡ ಕಟ್ಟಿದ ದಿನದಿಂದ ಮಳೆನೀರು ನಕ್ಷೆಗಳನ್ನು ಕೊಳೆಸುತ್ತಿತ್ತು, ಈಗ ಗಿಡಗಳನ್ನೂ.

"ಇಷ್ಟು ವರ್ಷ ಊರೆಲ್ಲ ಅಳೆದ ಕಚೇರಿ, ಹಿತ್ತಲು ಅಳೆದಿಲ್ಲ ನೋಡು," ಎಂದಳು.

ನೀರು ತೂಬಿನ ಕಡೆ ಹರಿಯುವ ಹಾಗೆ ಅಗೆಯುವುದಕ್ಕೆ ಎರಡು ತಿಂಗಳು ಬೇಕಾಯಿತು. ಸಾಹೇಬರಿಗೆ ಬರೆದುಕೊಂಡರೆ ಕೂಲಿಯವರಿಗೆ ಮಂಜೂರಾತಿ ಇಲ್ಲ ಎಂದು ಷರಾ ಬಂತು. ಸರಿ ಎಂದು ಊಟದ ಹೊತ್ತಿನಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ತಾನೇ ಗುದ್ದಲಿ ಹಿಡಿದಳು. ಗೆಣ್ಣು ಹಿಡಿದುಕೊಂಡ ದಿನ ಅಟೆಂಡರ್ ಹಿಡಿದ. ತಳಕ್ಕೆ ಇಟ್ಟಿಗೆ ಚೂರು, ಅದರ ಮೇಲೆ ದಪ್ಪ ಮರಳು, ಮೇಲೆ ಎಲೆಗೊಬ್ಬರ. ಗೊಬ್ಬರಕ್ಕೆ ಬೇಕಾದ ತರಗೆಲೆಯನ್ನು ಸೂರ್ಯ ಹುಟ್ಟುವ ಮುಂಚೆ ಉದ್ಯಾನದ ಹಾದಿಯಲ್ಲಿ ಗೋಣಿಗೆ ತುಂಬಿಕೊಂಡು ಬರುತ್ತಿದ್ದಳು. ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತು, "ಕಸ ಆಯೋಕೆ ಹೊರಟ್ಯಾ?" ಎಂದು ಮೂಗು ಮುರಿಯುತ್ತಿದ್ದಳು.

ಈ ಸಲ ಮೂವತ್ತು ಗಿಡ. ನೆತ್ತಿ ಮೇಲಿಟ್ಟು, ಬುಡಕ್ಕೆ ತರಗೆಲೆ ಹೊದಿಸಿ, ಒಂದಕ್ಕೊಂದು ಮೊಳದಷ್ಟು ಅಂತರ ಬಿಟ್ಟು ನೆಟ್ಟಳು. ಬೆರಳು ಮಣ್ಣಿಗೆ ಚುಚ್ಚಿ ನೋಡದೆ ನೀರು ಹಾಕುತ್ತಿರಲಿಲ್ಲ. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಬೇರು ಹಿಡಿದವು. ಚಳಿಗಾಲ ಬಂತು. ಮುಂದಿನ ಗೇಟಿನ ಹೂವಿನ ಪಾತಿಗಳು ಒಣಗಿ ಕಡ್ಡಿಯಾದವು, ರಸ್ತೆಯ ಮರಗಳು ಬೋಳಾದವು. ಒಳ ಅಂಗಳ ಮಾತ್ರ ಹಸಿರು ಬಿಡಲಿಲ್ಲ. ಮೇಲಿನ ಮಹಡಿಗಳಲ್ಲಿ ಎಂದೂ ತೆರೆಯದ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಜನ ಊಟದ ಡಬ್ಬಿ ಹಿಡಿದು ಕಿಟಕಿಯ ಪಕ್ಕ ಕೂರತೊಡಗಿದರು.

ಚಳಿ ಮುಗಿಯುವ ಹೊತ್ತಿಗೆ ಅವಳು ಕತ್ತರಿ ಹಿಡಿದು ಹಳೆಯ ಗರಿಗಳನ್ನೆಲ್ಲ ಬುಡಕ್ಕೆ ಕತ್ತರಿಸುತ್ತಾ ಬಂದಳು. ಅಟೆಂಡರ್ ಕಂಗಾಲಾದ. "ಚೆನ್ನಾಗಿರೋದನ್ನೇ ಕಡೀತಿದ್ದೀರಲ್ಲ ಮೇಡಂ!"

"ಚಳಿ ಪೂರ್ತಿ ಇದು ನೆತ್ತಿ ಕಾಯ್ತು. ಈಗ ಹೊಸದು ಏಳೋ ಹೊತ್ತು. ಈಗ ಕತ್ತರಿಸದೆ ತಡ ಮಾಡಿದ್ರೆ ಹಳೇದರ ಜೊತೆ ಹೊಸ ಸುರುಳೀನೂ ಕತ್ತರಿಗೆ ಸಿಗುತ್ತೆ."

ಹತ್ತು ದಿನದಲ್ಲಿ ನೆತ್ತಿಗಳಿಂದ ಕಂದು ರೋಮ ಹೊದ್ದ ಸುರುಳಿಗಳು ಎದ್ದು, ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡು, ದಿನಕ್ಕೆ ಒಂದೊಂದು ಸುತ್ತು ಬಿಚ್ಚಿದವು. ಟೈಪಿಸ್ಟ್ ಹುಡುಗಿ ಅಂಗಳಕ್ಕೆ ಬಂದು ಕಣ್ಣರಳಿಸಿ, "ನೀವೂ ಈ ಗಿಡಗಳ ಹಾಗೇ ಮೇಡಂ. ನೆರಳಲ್ಲೇ ಚಿಗುರಿದ್ರಿ," ಎಂದಳು.

"ನಾನು ಗಿಡ ಅಲ್ಲಮ್ಮ," ಎಂದಳು ಸರಪಳಿ ಮೇಡಂ ತಲೆಯೆತ್ತದೆ. "ಅದಕ್ಕೆ ಬಿಸಿಲು ಬೇಡ. ನನಗೆ ಬೇಕು, ಸಿಗ್ತಾ ಇಲ್ಲ. ಎರಡನ್ನೂ ಒಂದು ಮಾಡ್ಬೇಡ."

ಗಿಡ ನೋಡುವುದು ದಿನಕ್ಕೆ ಅರ್ಧ ಗಂಟೆ. ಉಳಿದ ಹೊತ್ತು ಅವಳು ನಕ್ಷೆ ನೋಡುತ್ತಿದ್ದಳು. ತಾನೇ ಕಾಲಿಟ್ಟು ಅಳೆದ ನೆಲ. ಎಲ್ಲಿ ಕೆರೆಯ ಅಂಚಿದೆ, ಎಲ್ಲಿ ರಸ್ತೆ ತಿರುಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ತಪ್ಪಿದ್ದ ನಕ್ಷೆಗೆ ಒಂದು ಚೀಟಿ ಹಚ್ಚಿ, "ಅಳತೆ ಸರಿಯಿಲ್ಲ, ಮರುಪರಿಶೀಲಿಸಿ" ಎಂದು ಬರೆದು ಮೇಲಕ್ಕೆ ಕಳಿಸುತ್ತಿದ್ದಳು. ಹಾಗೆ ಹೋದ ಒಂದು ನಕ್ಷೆಯಲ್ಲಿ ಬಳುಕಿ ಹೋಗುವ ರಸ್ತೆಯನ್ನು ಸ್ಕೇಲು ಇಟ್ಟು ನೆಟ್ಟಗೆ ಗೀರಲಾಗಿತ್ತು. ಕೆಳಗಿದ್ದ ಸಹಿ, ಇಪ್ಪತ್ತು ವರ್ಷದ ಹಿಂದೆ ಕಿರಿಯ ಅಧಿಕಾರಿಯಾಗಿದ್ದ ಸಾಹೇಬರದ್ದೇ.

ವಾರದೊಳಗೆ ಮೆಮೋ ಬಂತು. ರೆಕಾರ್ಡ್ ರೂಮಿನ ಹಿಂದೆ ಅನುಮತಿಯಿಲ್ಲದೆ ಗಿಡ ಬೆಳೆಸಿರುವುದರಿಂದ ಗೋಡೆಗೆ ತೇವ ಇಳಿಯುತ್ತಿದೆ; ಗಿಡಗಳ ಎಲೆಯಡಿಯಲ್ಲಿ ಕಂದು ಬಣ್ಣದ ಹುಳುಗಳು ಸಾಲುಗಟ್ಟಿದ್ದು ಅವು ಕಡತಗಳಿಗೆ ಹರಡುವ ಅಪಾಯವಿದೆ; ಏಳು ದಿನದೊಳಗೆ ಎಲ್ಲವನ್ನೂ ಕಿತ್ತು ಹಾಕತಕ್ಕದ್ದು. ಕೊನೆಯ ಸಾಲಿನಲ್ಲಿ, ನೌಕರರ ಆರೋಗ್ಯಸ್ಥಿತಿಯ ಬಗ್ಗೆಯೂ ಮೇಲಧಿಕಾರಿಗಳ ಗಮನ ಸೆಳೆಯಲಾಗಿದೆ ಎಂದಿತ್ತು.

ಅವಳು ಅದೇ ಕಾಗದದ ಬೆನ್ನಿಗೆ ಉತ್ತರ ಬರೆದಳು. "ಕೀಳುವುದಿಲ್ಲ. ಮೇಲಧಿಕಾರಿಗಳು ಬಂದು ನೋಡಲಿ."

ಅಟೆಂಡರ್ ಅದನ್ನು ಓದಿ ಬೆವರಿದ. "ಸ್ವಲ್ಪ ಮೆತ್ತಗೆ ಬರೀಬಹುದಿತ್ತು ಮೇಡಂ."

"ಎರಡೇ ಸಾಲು ಬರ್ದಿದ್ದೀನಲ್ಲ. ಇನ್ನೆಷ್ಟು ಮೆತ್ತಗೆ?"

ಮೇಲಧಿಕಾರಿ ನಿಜವಾಗಿಯೂ ಬಂದರು. ಬೆಳ್ಳಗಿನ ಗಡ್ಡದ, ಆತುರವಿಲ್ಲದ ಮನುಷ್ಯ. ಸಾಹೇಬರು ಮೆಮೋ ಓದಿ ಹೇಳಿದರು. ಅಧಿಕಾರಿ ಎದ್ದು ರೆಕಾರ್ಡ್ ರೂಮಿಗೆ ನಡೆದರು, ಎಲ್ಲರೂ ಹಿಂದೆ ಹೋದರು.

"ತೇವ ಎಲ್ಲಿದೆ?"

ಸಾಹೇಬರು ಗೋಡೆ ತೋರಿಸಿದರು. ಅಧಿಕಾರಿ ಅಂಗೈ ಇಟ್ಟು ನೋಡಿದರು. ಗೋಡೆ ಒಣಗಿ ಸುಣ್ಣ ಉದುರುತ್ತಿತ್ತು.

"ಇಲ್ಲಿ ಬಕೆಟ್ ಇಟ್ಟ ಗುರುತಿದೆಯಲ್ಲ?" ಎಂದರು.

ಆಗ ಅಟೆಂಡರ್ ಮುಂದೆ ಬಂದ. ಸಾಹೇಬರ ಮುಖ ನೋಡಿದ, ಮೇಡಂ ಮುಖ ನೋಡಿದ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದ. "ಹೋದ ವರ್ಷದವರೆಗೂ ಮೂರು ಬಕೆಟ್ ಇಡ್ತಿದ್ವಿ ಸಾರ್. ಮೇಡಂ ಅಂಗಳದ ಮಟ್ಟ ಸರಿ ಮಾಡಿ ನೀರು ಆ ಕಡೆ ತಿರುಗಿಸಿದ್ರು. ಈ ಮಳೆಗಾಲ ಒಂದು ಹನಿ ಒಳಗೆ ಬಂದಿಲ್ಲ."

ಹೇಳಿ ಮುಗಿಸಿ ತನ್ನ ದನಿಗೆ ತಾನೇ ಬೆಚ್ಚಿದವನ ಹಾಗೆ ಕಪಾಟಿನ ಹಿಂದೆ ಸರಿದ.

"ಹುಳ?" ಎಂದರು ಅಧಿಕಾರಿ.

ಸರಪಳಿ ಮೇಡಂ ಮೇಜಿನ ಮೇಲಿದ್ದ ಒಂದು ಬಿಳಿ ಕಾಗದದ ಮೇಲಿಂದ ಗರಿಯನ್ನು ಮೆಲ್ಲಗೆ ಎತ್ತಿದಳು. ಹಿಂದಿನ ದಿನ ಅದನ್ನು ಮಗುಚಿ ಮಲಗಿಸಿ, ಗಾಳಿ ತಾಗದಂತೆ ರಟ್ಟಿನ ಡಬ್ಬಿ ಮುಚ್ಚಿಟ್ಟಿದ್ದಳು. ಕಾಗದದ ಮೇಲೆ ಕಂದು ಪುಡಿ ಉದುರಿ ಗರಿಯ ಅಚ್ಚು ಬಿದ್ದಿತ್ತು. ಪ್ರತಿ ಎಸಳಿಗೂ ಎರಡೆರಡು ಸಾಲು, ಸೂಜಿಯಲ್ಲಿ ಚುಚ್ಚಿದಷ್ಟು ಸಣ್ಣ ಚುಕ್ಕೆಗಳು.

"ಇದು ಹುಳ ಅಲ್ಲ ಸಾರ್, ಬೀಜದ ಪುಡಿ. ಜರಿಗಿಡಕ್ಕೆ ಹೂವಿಲ್ಲ, ಕಾಯಿಲ್ಲ. ಎಲೆಯ ಹಿಂದೆ ಹೀಗೆ ಚುಕ್ಕೆ ಕಟ್ಟಿ ಒಣಗಿದ ಮೇಲೆ ಉದುರಿಸುತ್ತೆ. ಹುಳ ಆದ್ರೆ ಒಂದೊಂದು ಒಂದೊಂದು ಕಡೆ ಕೂರುತ್ತೆ. ಇದು ನೋಡಿ, ಎರಡು ಚುಕ್ಕೆ ಮಧ್ಯದ ಅಂತರ ಎಲ್ಲ ಕಡೆ ಒಂದೇ. ನಮ್ಮ ಕಚೇರಿಯ ಎಷ್ಟೋ ನಕ್ಷೆಗಳಲ್ಲಿ ಇಷ್ಟು ಸರಿಯಾದ ಅಳತೆ ಇಲ್ಲ."

ಅಧಿಕಾರಿ ನಕ್ಷೆ ನೋಡುವ ದಪ್ಪ ಭೂತಗನ್ನಡಿ ಎತ್ತಿಕೊಂಡು ಬಹಳ ಹೊತ್ತು ಬಗ್ಗಿ ನೋಡಿದರು. ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. "ಗಿಡ ಇರಲಿ," ಎಂದರು. ಆಮೇಲೆ ಕಡತ ತಿರುವಿ, "ಆದ್ರೆ ನಿಮ್ಮ ನಿವೃತ್ತಿಯ ಅರ್ಜಿ ಇದೆಯಲ್ಲ ಇಲ್ಲಿ?" ಎಂದರು.

"ನಾನು ಯಾವ ಅರ್ಜೀನೂ ಕೊಟ್ಟಿಲ್ಲ."

ಅವರು ಕಾಗದವನ್ನು ಅವಳ ಕಡೆ ತಿರುಗಿಸಿದರು. ಸಾಹೇಬರು ಮತ್ತೆ ಗೋಡೆಯ ಕಡೆ ನೋಡತೊಡಗಿದರು. ಟೈಪ್ ಮಾಡಿದ ಅರ್ಜಿ, ಅದಕ್ಕೆ ಪಿನ್ ಹಾಕಿದ ಕೈಬರಹದ ಪತ್ರ. ಎಡಕ್ಕೆ ವಾಲಿದ, ಆಸ್ಪತ್ರೆಯ ಚಾರ್ಟುಗಳಲ್ಲಿ ಪಳಗಿದ ಆ ಅಕ್ಷರವನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು. "ನನ್ನ ತಂಗಿಯ ಆರೋಗ್ಯ ಕೆಲಸಕ್ಕೆ ತಕ್ಕುದಾಗಿಲ್ಲ. ಅವಳು ತಾನಾಗಿ ಕೇಳುವವಳಲ್ಲ. ದಯವಿಟ್ಟು ಅವಳನ್ನು ಬಿಡುಗಡೆ ಮಾಡಿ."

ಅವಳು ಮೇಜಿನ ಅಂಚು ಹಿಡಿದುಕೊಂಡಳು, ಆದರೆ ಕೂರಲಿಲ್ಲ.

"ಇದರಲ್ಲಿ ನನ್ನ ಸಹಿ ಎಲ್ಲಿದೆ ತೋರಿಸಿ ಸಾರ್."

ಅಧಿಕಾರಿ ಕೆಳಗೆ ನೋಡಿದರು, ಹಿಂದೆ ತಿರುವಿ ನೋಡಿದರು. "ಇಲ್ಲ."

"ಇಲ್ಲ ಅಂದ್ರೆ ಅದು ಅರ್ಜಿ ಅಲ್ಲ, ಕಾಗದ. ನಾನು ಬಿಸಿಲಲ್ಲಿ ಕೆಲಸ ಮಾಡೋಕಾಗಲ್ಲ, ಒಪ್ತೀನಿ. ನೆರಳಲ್ಲಿ ಮಾಡೋದು ನಿಮ್ಮ ಎದುರಿಗೇ ಇದೆ. ಡಾಕ್ಟರ ಪರೀಕ್ಷೆ ಬೇಕಿದ್ರೆ ಮಾಡಿಸಿ, ಬರ್ತೀನಿ. ನನ್ನ ಬದಲು ಬೇರೆಯವರು ಬರೆದಿದ್ದಕ್ಕೆ ನಾನು ಹೋಗಲ್ಲ."

ಪರೀಕ್ಷೆ ಆಯಿತು. ಎರಡು ವಾರದ ಮೇಲೆ ಒಳಾಂಗಣದ ಕೆಲಸಕ್ಕೆ ಯೋಗ್ಯ ಎಂದು ಬರೆದು ಬಂತು. ಆದರೆ ಅವಳು ಅಷ್ಟು ದಿನ ಕಾಯಲಿಲ್ಲ. ಅಧಿಕಾರಿ ಬಂದ ದಿನವೇ ಸಂಜೆ, ಅವರಿಂದ ಕೇಳಿ ಪಡೆದ ಆ ಪತ್ರವನ್ನು ಹಿಡಿದು ಅಕ್ಕನ ಬಾಗಿಲಿಗೆ ಹೋದಳು.

ಅಕ್ಕ ಒಗೆದ ಹೊದಿಕೆಗಳನ್ನು ಮಡಿಸುತ್ತಿದ್ದಳು. ಪತ್ರ ನೋಡಿ ಕೈ ನಿಂತಿತು, ಮತ್ತೆ ಮಡಿಸತೊಡಗಿತು.

"ನನ್ನ ಕೇಳ್ದೆ ಬರೆದ್ಯಾ?"

"ಕೇಳಿದ್ರೆ ಬಿಡ್ತಿದ್ಯಾ? ಮೂವತ್ತನಾಲ್ಕು ವರ್ಷ ವಾರ್ಡಲ್ಲಿದ್ದೆ ಕಣೇ. ಈ ಕಾಯಿಲೆಯವರು ಹೇಗೆ ಹೋಗ್ತಾರೆ ಅಂತ ನನಗೆ ಗೊತ್ತು. ಮೊದಲು ಕೀಲು, ಆಮೇಲೆ ಕಿಡ್ನಿ. ಎಷ್ಟು ಜನರ ಕಣ್ಣು ಮುಚ್ಚಿಸಿದ್ದೀನಿ ಈ ಕೈಯಲ್ಲಿ."

"ಎಲ್ಲರೂ ಹಾಗೇ ಹೋದ್ರಾ?"

ಅಕ್ಕ ಸುಳ್ಳು ಹೇಳುವವಳಲ್ಲ. "ಎಲ್ಲರೂ ಅಲ್ಲ," ಎಂದಳು.

"ನೀನು ನೋಡಿದ್ದು ವಾರ್ಡಿಗೆ ಬಂದವರನ್ನ. ಬರದೆ ಕೆಲಸ ಮಾಡ್ಕೊಂಡು ಇದ್ದವರನ್ನ ನೀನು ನೋಡೇ ಇಲ್ಲ ಅಕ್ಕಾ."

"ನೀನು ಹೋದ್ರೆ ನನಗೆ ಯಾರೇ ಇದ್ದಾರೆ?" ಎಂದಳು ಅಕ್ಕ. ಹೊದಿಕೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ತಂಗಿಯ ಕೋಪ ಇಳಿದಿರಲಿಲ್ಲ. "ಅದಕ್ಕೆ ಇರೋವಾಗಲೇ ಹೂತುಬಿಡ್ತೀಯಾ?" ಎಂದು ಮೆಟ್ಟಿಲು ಹತ್ತಿ ಹೋದಳು.

ಆಮೇಲೆ ಆರು ವಾರ ಮಾತಿಲ್ಲ. ಬೆಳಿಗ್ಗೆ ಮೂರನೇ ಮೆಟ್ಟಿಲ ಮೇಲೆ ಒಂದು ಚೀಟಿ ಇರುತ್ತಿತ್ತು. "ಬಿಳಿ ಮಾತ್ರೆ ತಿಂಡಿಯ ನಂತರ." ಸಂಜೆ ಅದೇ ಚೀಟಿಯ ಮೇಲೆ "ತಗೊಂಡೆ" ಎಂದು ಬರೆದು ತಂಗಿ ಅಲ್ಲೇ ಇಡುತ್ತಿದ್ದಳು. ಜಪ್ಪಯ್ಯ ಅಂದರೂ ಇಬ್ಬರೂ ಅದಕ್ಕಿಂತ ಒಂದಕ್ಷರ ಹೆಚ್ಚು ಬರೆಯಲಿಲ್ಲ.

ಏಳನೇ ವಾರ ಒಂದು ಮಧ್ಯಾಹ್ನ ಅವಳು ಅಂಗಳದಲ್ಲಿ ಕೂತು ದೊಡ್ಡದಾಗಿದ್ದ ಗಿಡವೊಂದನ್ನು ಅಗೆದು, ಬುಡವನ್ನು ಚಾಕುವಿನಿಂದ ಎರಡಾಗಿ ಸೀಳುತ್ತಿದ್ದಳು. ಎರಡು ಹೋಳಿಗೂ ನೆತ್ತಿ ಬರಬೇಕು, ಬೇರು ಬರಬೇಕು, ಮೈಯೆಲ್ಲ ಕಣ್ಣಾಗಿತ್ತು. ಹಿಂದಿನಿಂದ ದನಿ ಬಂತು.

"ಒದ್ದೆ ನೆಲದ ಮೇಲೆ ಕೂತಿದ್ದೀಯಲ್ಲ, ಆ ಮಂಡಿ ಯಾರದು ಅಂದ್ಕೊಂಡಿದ್ದೀಯ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅಂಗಳವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಗೋಡೆಗೆ ಒರಗಿ ಸೊಂಟದೆತ್ತರ ಬೆಳೆದವು, ನೆಲಕ್ಕೆ ಹರಡಿದವು, ಮಿರಿಮಿರಿ ಮಿಂಚುವ ಅಗಲ ಗರಿಯವು. ಬಹಳ ಹೊತ್ತು ನೋಡಿ, ವಾರ್ಡಿನಲ್ಲಿ ರೌಂಡ್ಸ್ ಮುಗಿಸಿದವಳ ಹಾಗೆ ಅಟೆಂಡರ್ ಕಡೆ ತಿರುಗಿದಳು.

"ಒಂದು ಸ್ಟೂಲು ತನ್ನಿ. ತಗ್ಗಾದ್ದು. ನಾಳೆಯಿಂದ ಇವಳು ನೆಲದ ಮೇಲೆ ಕೂತ್ರೆ ನನಗೆ ಹೇಳ್ಬೇಕು."

"ಹೇಳ್ತೀನಿ ಅಕ್ಕಾವ್ರೇ," ಎಂದು ಪಿಸುಗುಟ್ಟಿದ ಅವನು.

"ನೀನು ಇಲ್ಲಿಗೆ ಬಂದದ್ದು ನನ್ನನ್ನ ಮನೆಗೆ ಕರ್ಕೊಂಡು ಹೋಗೋಕಾ?" ಎಂದಳು ತಂಗಿ.

"ಕರೆದ್ರೆ ಬರ್ತೀಯಾ?"

"ಇಲ್ಲ."

"ಗೊತ್ತು. ಅದಕ್ಕೇ ಸ್ಟೂಲು ಹೇಳಿದ್ದು." ಅಕ್ಕ ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಬಂದು, "ಚಾಕು ಹಿಡಿಯೋ ರೀತೀನಾ ಅದು? ಇಲ್ಲಿ ಕೊಡು," ಎಂದು ಚಾಕು ಕಿತ್ತುಕೊಂಡು ಬುಡವನ್ನು ಒಂದೇ ಏಟಿಗೆ, ಒಂದು ಬೇರೂ ಹರಿಯದ ಹಾಗೆ ಸೀಳಿಕೊಟ್ಟಳು.

ತಪ್ಪಾಯಿತು ಎಂದು ಅಕ್ಕ ಹೇಳಲಿಲ್ಲ. ಪರವಾಗಿಲ್ಲ ಎಂದು ತಂಗಿಯೂ ಹೇಳಲಿಲ್ಲ. ಸಂಜೆ ಜೊತೆಯಲ್ಲಿ ಮನೆಗೆ ಹೋದರು. ದಾರಿಯುದ್ದಕ್ಕೂ ಛತ್ರಿ ಯಾರು ಹಿಡಿಯಬೇಕು ಎಂದು ಜಗಳವಾಡಿದರು.

ಸಾಹೇಬರು ಆ ನಂತರ ರೆಕಾರ್ಡ್ ರೂಮಿನ ಕಡೆ ಸುಳಿದದ್ದು ಕಡಿಮೆ. ರಸ್ತೆಯ ನಕ್ಷೆ ತಿದ್ದುಪಡಿಯಾಗಿ, ಅವರದೇ ಹೊಸ ಸಹಿಯೊಂದಿಗೆ ಕೆಳಗೆ ಬಂತು. ಅದಾಗಿ ಎರಡು ತಿಂಗಳ ಮೇಲೆ ಒಂದು ದಿನ ಅವರೇ ಹಿಂಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು ನಿಂತರು.

"ಚೆನ್ನಾಗಿ ಬೆಳೆದಿವೆ. ನಮ್ಮ ಮನೆಯವಳು ಕಚೇರಿಗೆ ಬಂದಿದ್ದಾಗ ಕಿಟಕಿಯಿಂದ ನೋಡಿ ಬಹಳ ಮೆಚ್ಚಿದ್ಲು. ಬಾಲ್ಕನಿಗೆ ಎರಡು ಗಿಡ ಕೊಡಿ."

"ಬಾಲ್ಕನಿ ಯಾವ ದಿಕ್ಕಿಗಿದೆ ಸಾರ್?"

"ಪಶ್ಚಿಮಕ್ಕೆ. ಮಧ್ಯಾಹ್ನದಿಂದ ಸಂಜೆವರೆಗೂ ಒಳ್ಳೆ ಬಿಸಿಲು."

"ಹಾಗಿದ್ರೆ ಕೊಡಲ್ಲ. ಮೂರು ದಿನಕ್ಕೆ ಸುಟ್ಟುಹೋಗುತ್ತೆ."

"ಎರಡು ಗಿಡಕ್ಕೆ ಇಷ್ಟೊಂದಾ? ಕಚೇರಿ ಜಾಗದಲ್ಲಿ ಬೆಳೆದದ್ದು ತಾನೇ? ನಾನು ಆರ್ಡರ್ ಮಾಡಿದ್ರೆ?"

"ಲಿಖಿತವಾಗಿ ಕಳಿಸಿ ಸಾರ್," ಎಂದಳು ಸರಪಳಿ ಮೇಡಂ. "ಕೊಡಲ್ಲ ಅಂತ ನಾನೂ ಲಿಖಿತವಾಗೇ ಬರೀತೀನಿ."

ಹೇಳಿ, ಪಕ್ಕದ ಗಿಡದ ಬುಡಕ್ಕೆ ಬೆರಳು ಚುಚ್ಚಿ ಮಣ್ಣಿನ ತೇವ ನೋಡತೊಡಗಿದಳು.